ಶನಿವಾರದ ಕಡಲೆ, ವಿಲಾಯತಿ ಬದನಿ

ಬಾದಾಮಿಯಲ್ಲಿ ಹಿತ್ತಲು ಮಾಡುವುದೆಂದರೆ ಮಂಗಗಳ ಜೊತೆ ಪಾಲಿಗೆ ಒಕ್ಕಲುತನ ಮಾಡಿದಂತೆ. ದುಡಿಮೆ ನಮ್ಮದು, ಪಾಲು ಹಾಕುವುದು ಅವು. ಗುಡ್ಡದ ಕೆಂಪು ಬಂಡೆಗೆ ಬಿಸಿಲು ಬೀಳುತ್ತಲೇ ಇಳಿದು ಬಂದು, ಮಾಳಿಗೆಯಿಂದ ಮಾಳಿಗೆಗೆ ಜಿಗಿದು, ಒಣಹಾಕಿದ ಸಂಡಿಗೆಯ ರುಚಿ ನೋಡಿ, ಕಡೆಗೆ ನಮ್ಮ ಹಿತ್ತಲ ಗೋಡೆಯ ಮೇಲೆ ಬಂದು ಕೂಡುತ್ತಿದ್ದವು. ನನ್ನ ಅತ್ತೆ ಅವುಗಳ ಏಳು ತಲೆಮಾರನ್ನು ತೊಳೆದು ಹರವುತ್ತಿದ್ದಳು. ನಾನು ಇಳಕಲ್ಲಿನ ನೇಕಾರರ ಓಣಿಯಲ್ಲಿ ಬೆಳೆದವಳು, ಮಗ್ಗದ ಸದ್ದಿಗೆ ಒಗ್ಗಿದ ಕಿವಿ ನನ್ನದು. ಅತ್ತೆಯ ಬಾಯಿಗೆ ಒಗ್ಗಲು ಮಾತ್ರ ಒಂದು ವರ್ಷ ಹಿಡಿಯಿತು.

ಶನಿವಾರ ಬೈಗುಳಕ್ಕೆ ಸೂಟಿ. ಅಂದು ಅತ್ತೆ ಒಪ್ಪತ್ತು ಇದ್ದು, ತಲೆಗೆ ನೀರು ಹಾಕಿಕೊಂಡು, ನೆನೆಸಿದ ಕಡಲೆಯನ್ನು ಉಡಿಯಲ್ಲಿ ಕಟ್ಟಿಕೊಂಡು ಅದೇ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಮಂಗಗಳು ಕೆಳಗಿಳಿದು ತಿನ್ನುತ್ತಿದ್ದವು. ಅವುಗಳಲ್ಲಿ ಒಂದು ಮುದಿ ಗಂಡು ಮಂಗ, ಒಂದು ಕಿವಿ ಹರಿದ ಗಡವ, ನೆಲದ ಮೇಲೆ ಚೆಲ್ಲಿದ್ದನ್ನು ಮುಟ್ಟುತ್ತಿರಲಿಲ್ಲ. ಅತ್ತೆಯ ಮುಂದೆ ಕೂತು ಕೈ ಚಾಚುತ್ತಿತ್ತು. ಅವಳು ಅದರ ಅಂಗೈಯಲ್ಲಿ ಕಡಲೆ ಇಟ್ಟು, ಇಟ್ಟ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಿನ್ನೆ ಬೈದದ್ದು ಇದಕ್ಕೇ ಅಲ್ಲವೇ ಎಂದು ಒಮ್ಮೆ ನಾನು ನಕ್ಕೆ.

"ಶನಿವಾರ ಹನುಮಪ್ಪ, ಉಳಿದ ದಿನಾ ಕಳ್ಳ," ಅಂದಳು ಅತ್ತೆ. "ದೇವರಿಗೂ ಅದು ಗೊತ್ತೈತಿ, ನಿನಗ ಗೊತ್ತಿಲ್ಲ."

ಮದುವೆಯಾದ ಮೂರನೇ ವರ್ಷ ನನ್ನ ಗಂಡ ಬಾಗಲಕೋಟೆಯಿಂದ ನಾಲ್ಕು ಕೆಂಪು ಹಣ್ಣು ತಂದರು. ಅಲ್ಲಿ ಕಚೇರಿಯಲ್ಲಿ ಅವರು ಕಾರಕೂನರು, ಸೂಟಿ ಸಿಕ್ಕಾಗ ರೈಲಿನಲ್ಲಿ ಬರುತ್ತಿದ್ದರು. ಯಾವುದೋ ಸಾಹೇಬರ ಬಂಗಲೆಯ ಮಾಲಿ ಕೊಟ್ಟಿದ್ದನಂತೆ. ಈಗ ಎಲ್ಲರೂ ಟೊಮೆಟೊ ಅನ್ನುವ ಆ ಹಣ್ಣಿಗೆ ನಮ್ಮ ಮನೆಯಲ್ಲಿ ವಿಲಾಯತಿ ಬದನಿ ಅಂದೆವು. ಅತ್ತೆ ಒಂದನ್ನು ಹಿಚುಕಿ ನೋಡಿ, ಕೈಗೆ ಹತ್ತಿದ ರಸ ಕಂಡು ಮುಖ ಕಿವುಚಿದಳು. "ರಗತ ಇದ್ದಂಗ ಐತಿ. ಇದು ನನ್ನ ಒಲಿ ಏರಾಂಗಿಲ್ಲ" ಎಂದು ತೀರ್ಪು ಕೊಟ್ಟಳು. ನಾನು ಹಿತ್ತಲಿಗೆ ಹೋಗಿ, ಉಪ್ಪು ಹಚ್ಚಿಕೊಂಡು ಒಂದು ಹಣ್ಣು ತಿಂದೆ. ಅಂಥ ಹುಳಿ, ಅಂಥ ಸಿಹಿ ನಾನು ಅದುವರೆಗೆ ಕಂಡಿರಲಿಲ್ಲ. ಉಳಿದವುಗಳ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿಟ್ಟೆ.

ಮಳೆಗಾಲ ಮುಗಿಯುವಾಗ ಸಸಿ ಮಾಡಿ, ಬಚ್ಚಲ ನೀರು ಹರಿಯುವ ಕಡೆ ಮಡಿ ಕಟ್ಟಿ ನೆಟ್ಟೆ. ಗಿಡ ನೆಲಕ್ಕೆ ಬೀಳದ ಹಾಗೆ ತೊಗರಿಕಟ್ಟಿಗೆಯ ಊರುಗೋಲು ಕೊಟ್ಟೆ. ಹೂವು ಬಿಡುವ ಹೊತ್ತಿಗೆ ನಾನು ಬಸುರಿಯಾಗಿದ್ದೆ. ಅನ್ನ ಕಂಡರೆ ವಾಕರಿಕೆ, ರೊಟ್ಟಿ ಸುಡುವ ವಾಸನೆಗೆ ತಲೆ ತಿರುಗುತ್ತಿತ್ತು. ಹಿಂದಿನ ವರ್ಷ ಒಂದು ಬಸುರು ನಿಲ್ಲದೆ ಹೋಗಿತ್ತು, ಆದ್ದರಿಂದ ಅತ್ತೆಗೆ ಜೀವದಲ್ಲಿ ಜೀವ ಇರಲಿಲ್ಲ. ಏನು ಬೇಕು, ಏನು ತಿಂದೀ ಎಂದು ದಿನಾ ಕೇಳುತ್ತಿದ್ದಳು. ನನಗೆ ಬೇಕಾಗಿದ್ದದ್ದು ಒಂದೇ, ಆ ಕೆಂಪು ಹಣ್ಣು. ಕಾಯಿಗಳಿನ್ನೂ ಹಸಿರು.

ಹೇಳಿದೆ. ಅತ್ತೆ ಹಿತ್ತಲಿಗೆ ಹೋಗಿ ಕಾಯಿಗಳನ್ನು ಎಣಿಸಿ ಬಂದು, "ಬಯಕಿ ಅಂದಮ್ಯಾಲ ಮುಗೀತು. ಅವು ಹಣ್ಣಾಗೂತನಕ ನಾ ಕಾಯ್ತೇನಿ" ಅಂದಳು.

ಅಂದಿನಿಂದ ನಮ್ಮ ಹಿತ್ತಲು ಕೋಟೆಯಾಯಿತು. ಗೋಡೆಯ ಮೇಲೆ ಜಾಲಿಮುಳ್ಳು ಬಂತು. ಮಂಗಗಳು ಅದನ್ನು ಎತ್ತಿ ಆಚೆ ಒಗೆದವು. ಚಿಮಣಿ ಎಣ್ಣೆಯ ಡಬ್ಬಿಗೆ ಕೋಲು ಕಟ್ಟಿ ಬಡಿದಳು. ಒಂದೆರಡು ದಿನ ಓಡಿ, ಆಮೇಲೆ ಅವು ಬಾಜಾ ಕೇಳಲು ಬಂದ ಬೀಗರ ಹಾಗೆ ಕೂತವು. ನನ್ನ ಗಂಡನ ಹಳೇ ಕೋಟು, ರುಮಾಲು ತೊಡಿಸಿ ಬೆದರುಬೊಂಬೆ ನಿಲ್ಲಿಸಿದಳು. ಮರುದಿನ ರುಮಾಲು ಒಂದು ಮಂಗನ ಕೊರಳಲ್ಲಿತ್ತು. ನಾನು ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ನಗಲಿಲ್ಲ. ಒಳಗೆ ಹೋಗಿ ಹಳೇ ಟ್ರಂಕಿನಿಂದ ಕವಣೆ ತೆಗೆದಳು.

ಅವಳ ತವರು ಹುನಗುಂದದ ಕಡೆಯ ಕಪ್ಪು ಹೊಲದ ನಾಡು. ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುತ್ತಿದ್ದಳಂತೆ. "ಹೊಡ್ಯಾಕಲ್ಲ, ಹೆದರಸಾಕ. ಕಲ್ಲಿನ ಸಪ್ಪಳಕ್ಕ ಹಾರಿ ಹೋಗ್ತಾವ" ಅಂದಳು. ನಿಜಕ್ಕೂ ಹಾಗೆಯೇ ಆಯಿತು. ಕವಣೆ ತಲೆಯ ಮೇಲೆ ಗುಂಯ್ ಅನ್ನುತ್ತಲೇ ಗೋಡೆ ಖಾಲಿಯಾಗುತ್ತಿತ್ತು. ಅತ್ತೆಯ ಗುರಿಯನ್ನು ನಾನೇ ಹೊಗಳಿದೆ, ಮತ್ತೆ ಬೀಸಿರಿ ಎಂದು ಹುರಿದುಂಬಿಸಿದೆ. ಆ ಮಾತು ಈಗಲೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಮೊದಲ ಹಣ್ಣು ಕೆಂಪಾದ ದಿನ ಬುಧವಾರ. ಕೀಳೋಣವೆಂದು ನಾನು ಬಟ್ಟಲು ಹಿಡಿದು ಬಂದಾಗ ಮಂಗಗಳೂ ಬಂದಿದ್ದವು. ಅತ್ತೆ ಕವಣೆ ಬೀಸಿದಳು. ಉಳಿದವು ಚೆಲ್ಲಾಪಿಲ್ಲಿಯಾದವು. ಕಿವಿ ಹರಿದ ಗಡವ ಮಾತ್ರ ಓಡಲಿಲ್ಲ. ಅತ್ತೆಯನ್ನು ಕಂಡು ಗೋಡೆಯಿಂದ ಮಡಿಯೊಳಗೆ ಇಳಿದು, ಅವಳ ಕಡೆ ಕೈ ಚಾಚಿತು. ಅಷ್ಟರಲ್ಲಿ ಕಲ್ಲು ಕವಣೆ ಬಿಟ್ಟಾಗಿತ್ತು. ಕಿವಿಯ ಹಿಂದೆ ಬಡಿಯಿತು. ಅದು ಗಿಡಗಳ ನಡುವೆ ಪಕ್ಕಕ್ಕೆ ವಾಲಿತು, ಮತ್ತೆ ಏಳಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು.

ಅತ್ತೆ ಓಡಿಹೋಗಿ ಅದರ ಬಾಯಿಗೆ ನೀರು ಬಿಟ್ಟಳು. ನೀರು ಹೊರಗೇ ಹರಿಯಿತು. "ಇವತ್ತ ಬುಧವಾರ ಅಲ್ಲೇನಪ್ಪಾ, ಬುಧವಾರ, ಯಾಕ ಕೈ ಚಾಚಿದಿ?" ಎಂದು ಅದರ ತಲೆ ಹಿಡಿದು ಕೇಳಿದಳು.

ನಮ್ಮ ಕಡೆ ಮಂಗ ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಾಡುತ್ತಾರೆ. ಸುದ್ದಿ ಹಬ್ಬಿ ಓಣಿಯೆಲ್ಲ ನೆರೆಯಿತು. ಮಾರುತಿ ಗುಡಿಯ ಪೂಜಾರಿ ಬಂದರು, ಭಜನೆಯವರು ತಾಳ ತಂದರು, ಓಣಿಯ ತುದಿಯ ಬಟ್ಟೆ ಅಂಗಡಿಯ ಸಾಬರು ಹೊಸ ಅರಿವೆ ಕೊಟ್ಟು ಕಳಿಸಿದರು. ಮುದಿಯಾಗಿತ್ತು, ಗೋಡೆಯಿಂದ ಬಿದ್ದಿದೆ ಎಂದು ಬಂದವರೇ ಹೇಳಿದರು, ಬಂದವರೇ ನಂಬಿದರು. ಹೆಣವನ್ನು ಕೂಡಿಸಿ, ಕುಂಕುಮ ಹಚ್ಚಿ, ಮಾಲೆ ಹಾಕಿದರು. ಪೂಜಾರಿಗಳು ಅತ್ತೆಗೆ ಕೈ ಮುಗಿದರು.

"ಶನಿವಾರ ತಪ್ಪದ ನೀಡಿದ ಕೈ ನಿಮ್ಮದು. ಅದಕ್ಕ ಹನುಮಪ್ಪ ನಿಮ್ಮ ಹಿತ್ತಲಾಗನ ಜೀವಾ ಬಿಟ್ಟಾನ. ಪುಣ್ಯಾ ಮಾಡೀರಿ, ಅವ್ವಾರ. ಇಲ್ಲೇ ಮಣ್ಣು ಮಾಡಿ ಕಟ್ಟಿ ಕಟ್ಟಸೂಣು. ಮೊದಲನೇ ಹಿಡಿ ಮಣ್ಣು ನೀವ ಹಾಕಬೇಕು."

ಟೊಮೆಟೊ ಗಿಡಗಳನ್ನು ಕಿತ್ತು ಬದಿಗೆ ಒಗೆದು ಗುಂಡಿ ತೋಡಿದರು. ಹಣ್ಣು ಕಾಯಿ ಎಲ್ಲ ಕಾಲಡಿ ತುಳಿದುಹೋದವು. ಅತ್ತೆ ಗುಂಡಿಯ ಅಂಚಿಗೆ ಬಂದಳು. ಮಣ್ಣು ಹಾಕಲಿಲ್ಲ. ಸೊಂಟದಿಂದ ಕವಣೆ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದಳು.

"ಇದು ಬಿದ್ದು ಸತ್ತಿಲ್ಲ. ನಾ ಹೊಡದೇನಿ. ನನ್ನ ಕೈಯಾಗ ಸತ್ತೈತಿ."

ತಾಳ ನಿಂತವು. ಎಲ್ಲರೂ ಅವಳನ್ನೇ ನೋಡಿದರು. ಆಮೇಲೆ ಪೂಜಾರಿಗಳ ಕಣ್ಣಲ್ಲಿ ನೀರು ಬಂತು. "ನೋಡ್ರಿ, ಎಂಥಾ ಜೀವಾ! ದುಃಖಕ್ಕ ಪಾಪಾ ತನ್ನ ಮ್ಯಾಲ ಹಾಕ್ಕೋತಾರ" ಅಂದರು. ಹೆಂಗಸರು ಹೌದು ಹೌದೆಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರೂ ನಂಬಲಿಲ್ಲ. ಒಪ್ಪತ್ತಿನ ಮುದುಕಿ ಮಂಗನಿಗೆ ಹೊಡೆಯುವುದೆಂದರೇನು?

ಅತ್ತೆ ತಿರುಗಿ ನನ್ನನ್ನು ನೋಡಿದಳು. "ನೀ ಹೇಳ ತಂಗಿ. ನೀ ಇಲ್ಲೇ ನಿಂತಿದ್ದಿ. ಖರೆ ಅಂತ ಹೇಳು."

ಹೌದು ಅನ್ನುವ ಒಂದು ಮಾತು ಸಾಕಿತ್ತು. ನನ್ನ ಕೈ ಹೊಟ್ಟೆಯ ಮೇಲಿತ್ತು. ಯಾರ ಬಯಕೆಗಾಗಿ ಹೊಡೆದದ್ದು ಎಂದು ಮುಂದೆ ಕೇಳುತ್ತಾರೆ, ಪಾಪ ಈ ಹೊಟ್ಟೆಯ ಕೂಸಿಗೆ ತಟ್ಟುತ್ತದೆ ಎಂದು ಓಣಿಯೆಲ್ಲ ಹೇಳುತ್ತದೆ, ಅದು ಹುಟ್ಟಿದ ಮೇಲೂ ಹೇಳುತ್ತದೆ. ಇಷ್ಟೆಲ್ಲ ನಾನು ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿದೆ. ಹೆದರಿದವರ ಬುದ್ಧಿ ಭಾರೀ ಚುರುಕು.

"ಅತ್ತಿಯವರಿಗೆ ಮುಂಜಾನಿಂದ ಮೈಯಾಗ ಆರಾಮಿಲ್ರಿ," ಅಂದೆ. "ಜ್ವರದಾಗ ಏನೇನೋ ಮಾತಾಡಾಕತ್ತಾರ."

ಅವಳ ಕೈಯಿಂದ ಕವಣೆಯನ್ನು ಯಾರೋ ಮೆಲ್ಲಗೆ ಬಿಡಿಸಿಕೊಂಡರು. ಯಾರೋ ಅವಳ ಮುಷ್ಟಿಗೆ ಮಣ್ಣು ಇಟ್ಟು, ಮುಷ್ಟಿ ಬಿಡಿಸಿ ಗುಂಡಿಗೆ ಬೀಳಿಸಿದರು. ತಾಳ ಮತ್ತೆ ಶುರುವಾದವು. ಅವಳು ನನ್ನ ಕಡೆ ಇನ್ನೊಮ್ಮೆ ನೋಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಷ್ಟು ಬಾಯಿಯ ಹೆಂಗಸು ಅಂದು ರಾತ್ರಿ ನನಗೆ ಮೆತ್ತಗೆ ಗಂಜಿ ಮಾಡಿ ಕುಡಿಸಿದಳು.

ಬೇಸಿಗೆಯಲ್ಲಿ ಮಗಳು ಹುಟ್ಟಿದಳು. ನಾನು ಅವಳನ್ನು ಮೊದಲು ಮುದ್ದಿಸಲಿಲ್ಲ. ಕಿವಿ ನೋಡಿದೆ, ಕೈ ನೋಡಿದೆ. ಎಲ್ಲ ನೆಟ್ಟಗಿದ್ದವು. ಆಗಲೂ ನನಗೆ ಸಮಾಧಾನವಾಗಲಿಲ್ಲ, ನಾಚಿಕೆಯಾಯಿತು. ಕೂಸಿಗೆ ಏನೂ ಆಗಿಲ್ಲ ಎಂದ ಮೇಲೆ ಸುಳ್ಳಿಗೆ ಇದ್ದ ಒಂದು ನೆವವೂ ಹೋಯಿತು.

ಮಳೆ ಬಿದ್ದ ಮೇಲೆ, ತುಳಿದುಹೋದ ಹಣ್ಣಿನ ಬೀಜಗಳು, ಗುಂಡಿಯ ಮೇಲೆ ಓಣಿಯವರು ಕಟ್ಟಿಸಿದ್ದ ಕಟ್ಟೆಯ ಸುತ್ತ ತಾವೇ ಮೊಳೆತವು. ಯಾರೂ ನೀರು ಹಾಕಲಿಲ್ಲ, ಯಾರೂ ಕಾಯಲಿಲ್ಲ. ಓಣಿಯವರು ದೇವರ ಗಿಡವೆಂದು ಕೈ ಮುಗಿದು ಹೋಗುತ್ತಿದ್ದರು. ಹಣ್ಣು ಕೆಂಪಾದ ಮೇಲೆ ಒಂದು ಶನಿವಾರ ಅತ್ತೆ, ಆ ಹಣ್ಣನ್ನು ಒಲೆಯ ಹತ್ತಿರವೂ ಬಿಡದವಳು, ತಾನೇ ಎರಡು ಹಣ್ಣು ಕಿತ್ತಳು. ಒಂದನ್ನು ಕಟ್ಟೆಯ ಮೇಲೆ ಇಟ್ಟಳು. ನಾನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು.

"ಅದು ನಂದು. ನಿಂದು ನೀನ ಇಡು," ಅಂದಳು.

ನಾನು ಇಟ್ಟೆ. ಗೋಡೆಯ ಮೇಲೆ ಮಂಗಗಳು ಕೂತಿದ್ದವು. ಒಂದೂ ಕೆಳಗಿಳಿಯಲಿಲ್ಲ.