ಸಿಕ್ಕಿಸದೆ ಬಿಟ್ಟ ರಬ್ಬರ್ ಪಟ್ಟಿ

ನಾನು ನಿಂತಿದ್ದು ಗುರುರಾಜನ ಕಾರಿನ ಬಲಗಡೆ, ಮುಂದಿನ ಚಕ್ರಕ್ಕೂ ಬಾಗಿಲಿಗೂ ನಡುವೆ. ೧೯೭೨ರ ಫೆಬ್ರವರಿ, ಭಾನುವಾರ, ಬೆಳಿಗ್ಗೆ ಹತ್ತು ದಾಟಿತ್ತು. ನ್ಯೂಜೆರ್ಸಿಯಲ್ಲಿ ಉತ್ತರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಹೋಟೆಲಿನ ಪಾರ್ಕಿಂಗ್ ಜಾಗ. ಕಾರಿನ ನೆತ್ತಿಯ ಮೇಲೆ ಎರಡು ಜೊತೆ ಸ್ಕೀ, ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಗಳು, ಇದ್ದವು. ಅವನ್ನು ಅಮುಕಿ ಹಿಡಿಯುವ ಮುಂದಿನ ರಬ್ಬರ್ ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಬೇಕಾಗಿದ್ದವನು ನಾನು. ಸಿಕ್ಕಿಸಲಿಲ್ಲ. ಸಿಕ್ಕಿಸಿದ್ದೇನೆ ಎಂದು ಹೇಳಿದೆ. ಆಮೇಲೆ, ಕಟ್ಟಿದವನು ಗುರುರಾಜ ಎಂದೂ ಹೇಳಿದೆ.

ಇಷ್ಟನ್ನು ಮೊದಲೇ ಬರೆದುಬಿಡಬೇಕು. ಇಲ್ಲದಿದ್ದರೆ ನಾನು ಮತ್ತೆ ಬೇರೆ ಕಡೆಯಿಂದ ಶುರು ಮಾಡುತ್ತೇನೆ — ಚಳಿ ಎಷ್ಟಿತ್ತು, ಕೈ ಹೇಗೆ ಮರಗಟ್ಟಿತ್ತು ಎಂದೆಲ್ಲ.

ಗುರುರಾಜ ಧಾರವಾಡದವನು, ಡಾಕ್ಟರ್. ಈ ದೇಶಕ್ಕೆ ಬಂದಾಗ ಏರ್‌ಪೋರ್ಟಿನಿಂದ ಕರೆತಂದವನು ನಾನು. ಫೋರ್ಟ್ ಲೀಯ ನನ್ನ ಅಪಾರ್ಟ್‌ಮೆಂಟಿನಲ್ಲಿ ಒಂದು ತಿಂಗಳು ಸೋಫಾ ಮೇಲೆ ಮಲಗಿದ್ದ. ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದ. ಸರ್ಜನ್ ಆಗಬೇಕೆಂಬುದೊಂದೇ ಅವನ ಹಂಬಲ. ಮರುವರ್ಷ ಊರಿಗೆ ಹೋಗಿ ಮದುವೆಯಾಗಿ ವಿಮಲಾ ಅವರನ್ನು ಕರೆತಂದ. ನನಗಿಂತ ಆರು ವರ್ಷ ಚಿಕ್ಕವನು. ನನ್ನನ್ನು ಸರ ಎಂದೇ ಕರೆಯುತ್ತಿದ್ದ.

ಸ್ಕೀ ನನ್ನ ಆಫೀಸಿನ ಅಮೆರಿಕನ್ ಒಬ್ಬರದು. ಅವುಗಳ ಜೊತೆಗೆ ಕಾರಿನ ಮೇಲೆ ಕೂರಿಸುವ ರ‍್ಯಾಕನ್ನೂ ಕೊಟ್ಟಿದ್ದರು. ನನ್ನಲ್ಲಿ ಕಾರಿರಲಿಲ್ಲ. ಗುರುರಾಜ ಹಳೆಯ ಕಾರೊಂದನ್ನು ಕೊಂಡಿದ್ದ. ನಮಗೆ ಯಾರಿಗೂ ಹಿಮದ ಮೇಲೆ ಜಾರಲು ಬರುತ್ತಿರಲಿಲ್ಲ. ಆದರೂ ಉತ್ತರದ ಹಿಮದ ಬೆಟ್ಟವೊಂದಕ್ಕೆ ಹೊರಟಿದ್ದೆವು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದುದು ಫೋಟೋ. ಸ್ಕೀ ಹಿಡಿದು ನಿಂತ ಒಂದು ಫೋಟೋ ಮೈಸೂರಿಗೆ ಹೋಗಬೇಕು, ಅಲ್ಲಿ ನಾಲ್ಕು ಜನ ನೋಡಬೇಕು. ದಾರಿಯಲ್ಲಿ ಒಳ್ಳೆಯ ಬಿಸಿಲು ಬಂತು. ಬೆಟ್ಟದ ಬಳಿ ಮೋಡ ಕವಿದರೆ — ಎಂದು ಆ ಹೋಟೆಲಿನ ಮುಂದೆ ಕಾರು ನಿಲ್ಲಿಸಲು ಗುರುರಾಜನಿಗೆ ಹೇಳಿದೆ. ನಾನೇ ಪಟ್ಟಿ ಬಿಚ್ಚಿ ಒಂದು ಜೊತೆ ಇಳಿಸಿದೆ. ಗುರುರಾಜ ಫೋಟೋ ತೆಗೆದ.

"ಸರ, ಸ್ವಲ್ಪ ನಗ್ರಿ. ಅಮೆರಿಕಾದಾಗ ಇದ್ದೀರಿ, ಪರೀಕ್ಷಾ ಹಾಲಿನ್ಯಾಗಲ್ಲ," ಎಂದ. ವಿಮಲಾ ಕಾರಿನಲ್ಲೇ ಕುಳಿತು ನಕ್ಕರು.

ಸ್ಕೀಯನ್ನು ಮತ್ತೆ ಮೇಲಿಟ್ಟೆ. ಬಾಗಿದ ತುದಿ ಗಾಳಿಗೆ ಎದುರಾಗಿ, ಮುಂದಕ್ಕೆ — ಅದೂ ತಪ್ಪು ಎಂದು ಆಮೇಲೆ ತಿಳಿಯಿತು. ಹಿಂದಿನ ಪಟ್ಟಿ ಎಳೆದು ಸಿಕ್ಕಿಸಿದೆ. ಮುಂದಿನದು ಚಳಿಗೆ ಬೆತ್ತದ ಹಾಗೆ ಸೆಟೆದಿತ್ತು. ಎರಡು ಸಲ ಎಳೆದೆ. ಕೊಕ್ಕೆಗೆ ಒಂದು ಬೆರಳಷ್ಟು ಕಡಿಮೆ ಬಿತ್ತು. ಪಟ್ಟಿಯ ತುದಿ ವಿಮಲಾ ಅವರ ಕಿಟಕಿಯ ಗಾಜಿನ ಮುಂದೆಯೇ ಜೋತಾಡುತ್ತಿತ್ತು. ಅದನ್ನು ಮಡಿಚಿ ಸ್ಕೀ ಕೆಳಗೆ ತುರುಕಿದೆ. ದೂರದಿಂದ ನೋಡಿದರೆ ಬಿಗಿದ ಹಾಗೇ ಕಾಣುತ್ತಿತ್ತು. ಕೈ ತೆಗೆದಾಗ ಗಾಜಿನ ಆಚೆ ವಿಮಲಾ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಈ ದೇಶಕ್ಕೆ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಇದು ಹೀಗೇ ಇರಬೇಕೇನೋ ಅಂದುಕೊಂಡಿರಬಹುದು.

ಗುರುರಾಜ ಕ್ಯಾಮೆರಾ ಒಳಗಿಟ್ಟು ಬಂದ. ಪಟ್ಟಿಯನ್ನು ಒಮ್ಮೆ ಎಳೆದು ನೋಡಲು ಕೈ ಎತ್ತಿದ. ಅವನ ಸ್ವಭಾವವೇ ಹಾಗೆ. ನಾನು ಹೇಳಿದೆ — ಈ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ —

"ಏನಯ್ಯಾ, ನಾನು ಕಟ್ಟಿದ್ದನ್ನ ನೀನು ಚೆಕ್ ಮಾಡ್ತೀಯಾ?"

ಅವನು ಕೈ ಇಳಿಸಿದ. "ಛೇ, ಛೇ, ಹಂಗಲ್ಲ ಬಿಡ್ರಿ ಸರ," ಎಂದು ಹೋಗಿ ಸ್ಟೀರಿಂಗ್ ಮುಂದೆ ಕುಳಿತ. ಹಿರಿಯನಿಗೆ ಅವಮಾನವಾಗಬಾರದು ಎಂದು ಇಳಿಸಿದ ಕೈ ಅದು. ಅವನು ಎಳೆದು ನೋಡಿದರೆ ತಿಳಿದುಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದೆ.

ಹೆದ್ದಾರಿಯಲ್ಲಿ ಹತ್ತು ನಿಮಿಷ ಹೋಗಿರಬಹುದು. ತಲೆಯ ಮೇಲೆ ಪಟಪಟ ಸದ್ದು, ಆಮೇಲೆ ಏನೋ ಕಿತ್ತುಬಂದ ಸದ್ದು. ನಾನು ಹಿಂದಿನ ಸೀಟಿನಲ್ಲಿದ್ದೆ, ತಿರುಗಿ ನೋಡಿದೆ. ಒಂದು ಸ್ಕೀ ಗಾಳಿಯಲ್ಲಿ ಮಗುಚಿತು. ಅದು ಬಡಿದು, ಹಿಂದೆ ಬರುತ್ತಿದ್ದ ಕಾರಿನ ಮುಂದಿನ ಗಾಜು ಇದ್ದಕ್ಕಿದ್ದಂತೆ ಬಿರುಕುಬಿಟ್ಟು ಬೆಳ್ಳಗಾಯಿತು. ಆ ಕಾರಿನಲ್ಲಿ ವಯಸ್ಸಾದ ಗಂಡ ಹೆಂಡತಿ. ಗಂಡನಿಗೆ ಏನೂ ಆಗಲಿಲ್ಲ. ಹೆಂಡತಿ — ಗುರುರಾಜ ಓಡಿಹೋಗಿ ಅವರ ತಲೆಯನ್ನು ಎರಡೂ ಕೈಗಳಲ್ಲಿ ಅಲುಗದಂತೆ ಹಿಡಿದು, ಆಂಬುಲೆನ್ಸ್ ಬರುವವರೆಗೂ ಮಾತಾಡಿಸುತ್ತ ಕುಳಿತಿದ್ದ. ಅವರ ಎಡಗಣ್ಣು ಉಳಿಯಲಿಲ್ಲ.

ಪೊಲೀಸಿನವನು ಬಂದ. ಅವನಿಗೆ ಹತ್ತಿರ ನಿಂತಿದ್ದವನು ನಾನು. ಇವನ್ನು ಕಟ್ಟಿದವರು ಯಾರು ಎಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಕಾರು ಅವನದು. ಅವನೇ ಕಟ್ಟಿದ್ದು."

ಗುರುರಾಜನಿಗೆ ಕೇಳಿಸಿತು. ಅವನ ಕೋಟಿನ ತೋಳೆಲ್ಲ ರಕ್ತ. ನನ್ನತ್ತ ನೋಡಿದ. ವಿಮಲಾ ಬಾಯಿ ತೆರೆದರು. "ಅಲ್ರೀ, ಮುಂದಿನದು ಅವರು —"

"ನೀ ಸುಮ್ನಿರು," ಎಂದ ಗುರುರಾಜ. ಕನ್ನಡದಲ್ಲಿ, ಮೆತ್ತಗೆ. ಪೊಲೀಸಿನವನ ಕಡೆ ತಿರುಗಿ, ಹೌದು, ನಾನೇ, ಎಂದ.

ಯಾಕೆ ಹಾಗೆ ಹೇಳಿದೆ ಎಂದು ನೀವು ಕೇಳಬಹುದು. ಗ್ರೀನ್ ಕಾರ್ಡು ಕೈತಪ್ಪೀತೆಂಬ ಭಯ ಇತ್ತು. ಅವನಿಗೂ ಇತ್ತು. ಆದ್ದರಿಂದ ಆ ನೆಪವನ್ನು ಬಿಟ್ಟುಬಿಡುತ್ತೇನೆ.

ಅವನ ಡ್ರೈವಿಂಗ್ ಲೈಸೆನ್ಸ್ ಹೋಯಿತು. ಕೋರ್ಟಿಗೆ ಅಲೆದ. ಆ ಚಳಿಗಾಲವೆಲ್ಲ ಕತ್ತಲಿರುವಾಗಲೇ ಎದ್ದು ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಹೋದ. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಹಿರಿಯ ಸರ್ಜನ್ ಒಬ್ಬರು ಎಲ್ಲರ ಮುಂದೆ, ಒಂದು ಪಟ್ಟಿ ಸರಿಯಾಗಿದೆಯೇ ಎಂದು ನೋಡದವನು ಹೊಟ್ಟೆ ಕೊಯ್ದು ಏನನ್ನು ಒಳಗೆ ಬಿಟ್ಟು ಹೊಲಿಯುತ್ತಾನೋ, ಎಂದರಂತೆ. ತಮಾಷೆಗೆ. ಮುಂದಿನ ವರ್ಷ ಸರ್ಜರಿಯಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಎಕ್ಸ್‌-ರೇ ನೋಡುವ ವಿಭಾಗಕ್ಕೆ ಹೋದ. ನಿವೃತ್ತಿಯವರೆಗೂ ಅದೇ ಕೆಲಸ.

ಒಮ್ಮೆ ಮಾತ್ರ ಬಾಯಿಬಿಡಲು ಹೋದೆ. ಬಸ್ಸಿಗೆ ಕಾಯುತ್ತಿದ್ದ ಅವನ ಪಕ್ಕ ನಿಂತು, "ಗುರುರಾಜ, ಆವತ್ತು ನಾನು —" ಎಂದೆ. ಅವನು ಮುಗಿಸಲು ಬಿಡಲಿಲ್ಲ. "ಬಿಡ್ರಿ ಸರ. ನಾನ ಒಮ್ಮೆ ಜಗ್ಗಿ ನೋಡಬೇಕಾಗಿತ್ತು. ನನ್ನ ಕಾರು ಅದು." ನಾನು ಬಿಟ್ಟೆ. ಬಿಡಲು ಹೇಳಿದನಲ್ಲ ಎಂಬ ಸಮಾಧಾನದಿಂದ ಮನೆಗೆ ಬಂದು ಊಟ ಮಾಡಿದೆ. ಚೆನ್ನಾಗಿ ಮಾಡಿದೆ.

ವಿಮಲಾ ಬಿಡಲಿಲ್ಲ. ಆದರೆ ಗಂಡನ ಮಾತಿಗೆ ಕಟ್ಟುಬಿದ್ದು ನೇರವಾಗಿ ಏನೂ ಅನ್ನಲೂ ಇಲ್ಲ. ಕೆಲವು ವರ್ಷಗಳ ಮೇಲೆ ಒಂದು ಯುಗಾದಿ ಊಟದ ನಂತರ, ಅವರ ಪಾತ್ರೆಗಳನ್ನು ಕಾರಿಗೆ ಒಯ್ದಿಡಲು ನಾನು ಕೈ ಚಾಚಿದೆ. "ಬ್ಯಾಡ ಬಿಡ್ರಿ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ನೀವು ಇಟ್ಟದ್ದು ದಾರ್ಯಾಗ ನಿಲ್ಲಂಗಿಲ್ಲ." ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ.

ಕಳೆದ ಬೇಸಿಗೆಯಲ್ಲಿ ಗುರುರಾಜ ತೀರಿಕೊಂಡ. ಹದಿಮೂರನೆಯ ದಿನದ ಊಟಕ್ಕೆ ಹೋಗಿದ್ದೆ. ಅಪಘಾತವಾಗಿ ಎಷ್ಟೋ ಕಾಲದ ಮೇಲೆ ಹುಟ್ಟಿದ ಅವನ ಮಗಳು ಸಂಧ್ಯಾ ಅಪ್ಪನ ಬಗ್ಗೆ ಮಾತಾಡಿದಳು, ಇಂಗ್ಲಿಷಿನಲ್ಲಿ, ಅಳು ನಗು ಎರಡೂ ಬೆರೆಸಿ. ಅಪ್ಪ ಹರೆಯದಲ್ಲಿ ಒಮ್ಮೆ ಅಜಾಗರೂಕನಾಗಿದ್ದನಂತೆ. ಅದರಿಂದ ಒಬ್ಬ ಹೆಂಗಸಿಗೆ ಕಣ್ಣು ಹೋಯಿತಂತೆ. ಅದಕ್ಕೇ ಜನ್ಮವಿಡೀ ಪ್ರತಿ ಬೀಗವನ್ನೂ ಮೂರು ಸಲ ಎಳೆದು ನೋಡುತ್ತಿದ್ದನಂತೆ. ಆಮೇಲೆ ನನ್ನ ಬಳಿ ಬಂದು ಕೈ ಹಿಡಿದು, ಅಂಕಲ್, ಅಪ್ಪ ನಿಮ್ಮ ಬಗ್ಗೆ ಯಾವಾಗಲೂ ಒಳ್ಳೆಯದನ್ನೇ ಹೇಳುತ್ತಿದ್ದರು, ಎಂದಳು. ನಾನು ತಲೆಯಾಡಿಸಿದೆ. ಆಗಲೂ — ಆ ಮನೆಯಲ್ಲೂ, ಆ ದಿನವೂ — ತಲೆಯಾಡಿಸಿದೆ.

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಈ ಭಾನುವಾರ ಹೋಗಿ ಎದುರು ಕುಳಿತು ಇದನ್ನೆಲ್ಲ ಅವಳ ಭಾಷೆಯಲ್ಲಿ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಗುರುರಾಜನನ್ನು ಬಲ್ಲವರು ಇನ್ನೂ ಹಲವರಿದ್ದೀರಿ. ಅವನ ಹೆಸರಿನ ಜೊತೆ ಅಜಾಗರೂಕ ಎಂಬ ಆ ಮಾತು ಸೇರಿಸಿಯೇ ನೆನೆಯುತ್ತೀರಿ. ನಿಮಗಾಗಿ ಇಲ್ಲಿ ಬರೆದಿದ್ದೇನೆ.

ಮುದುಕನಾದ ಮೇಲೆ ಇಲ್ಲದ ತಪ್ಪನ್ನು ಹೊತ್ತು ದೊಡ್ಡವನಾಗಲು ನೋಡುತ್ತಿದ್ದಾನೆ ಎಂದು ಯಾರಿಗಾದರೂ ಅನ್ನಿಸಿದರೆ, ನನ್ನ ಕೈ ಅಂದು ಏನು ಮಾಡಿತೆಂದು ಕಿಟಕಿಯ ಆಚೆಯಿಂದ ಕಂಡವರು ಇದ್ದಾರೆ. ವಿಮಲಾ. ವೆಸ್ಟ್ ವಿಂಡ್ಸರ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರನ್ನು ಸುಮ್ಮನಿರಿಸಿದವನು ಈಗಿಲ್ಲ. ಹೋಗಿ ಕೇಳಿ.