ರೂತ್ ಅಜ್ಜಿಯ ಗುಡ್ ನೇಮು

ಇಲ್ಲ... ನನಗಿನ್ನೂ ನಂಬಿಕೆ ಬರುತ್ತಿಲ್ಲ.
ಮೊನ್ನೆ ಶುಕ್ರವಾರ ತಾನೇ ನಾನು ಹಾಕಿದ ಹೊಲಿಗೆ ನೋಡಿ, "ಬಿಚ್ಚು, ಇನ್ನೊಂದ್ಸಲ ಹಾಕು" ಎಂದು ಬೈದಿದ್ದರು!
ಇವತ್ತು ಬೆಳಿಗ್ಗೆ ಅವರ ಮಗಳ ಫೋನು... ಅಮ್ಮ ಇಲ್ಲ ಅಂತ.

ರೂತ್...
ಅಮೆರಿಕದ ವಾಲ್ನಟ್ ಕ್ರೀಕಿನ ನಮ್ಮ ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಎಲ್ಲರಿಗಿಂತ ಹಿರಿಯರು.
ಈ ನೆಲದ ಮೂಲನಿವಾಸಿ.
ಹನ್ನೊಂದು ವರ್ಷ ನನ್ನ ಪಕ್ಕದ ಮಿಷಿನ್ನಿನಲ್ಲಿ ಕೂತವರು.

ಮೊದಲ ದಿನವೇ ನಾನೊಂದು ಎಡವಟ್ಟು ಮಾಡಿದ್ದೆ.
ಮಂಡ್ಯದಲ್ಲಿ ಕಲಿತ ಇಂಗ್ಲಿಷು ನೋಡಿ... ಇಲ್ಲಿ ಯಾರೂ ಹಾಗೆ ಕೇಳಲ್ಲ ಅಂತ ಗೊತ್ತಿಲ್ಲದೆ, ಭಾರಿ ಮರ್ಯಾದೆಯಿಂದ ಕೇಳಿದೆ,
"ವಾಟ್ ಈಸ್ ಯುವರ್ ಗುಡ್ ನೇಮ್?"
ಅಜ್ಜಿ ಮಿಷಿನ್ ನಿಲ್ಲಿಸಿಬಿಟ್ಟರು.
"ರೂತ್ ಅನ್ನೋದು ಸ್ಕೂಲ್‌ನೋರು ಇಟ್ಟಿದ್ದು. ಗುಡ್ ನೇಮು ಬೇರೆ ಇತ್ತು... ನಂಗೇ ಮರ್ತುಹೋಗಿದೆ."

ಬಿಳಿಯರ ಹಾಗೆ ಮಾಡುತ್ತೇವೆಂದು ಸರ್ಕಾರದವರು ಆರು ವರ್ಷದ ಮಗುವನ್ನು ತಾಯಿಯಿಂದ ಕಿತ್ತು ದೂರದ ಬೋರ್ಡಿಂಗ್ ಸ್ಕೂಲಿಗೆ ಹಾಕಿದ್ದರು.
ಜಡೆ ಕತ್ತರಿಸಿದರು. ಮನೆಮಾತು ಆಡಿದರೆ ಹೊಡೆದರು.
ಇಂಥ ಮಕ್ಕಳು ಅದೆಷ್ಟೋ...
ಇಷ್ಟು ವರ್ಷ ಇಲ್ಲೇ ಇದ್ದೂ ನನಗೆ ಏನೂ ಗೊತ್ತಿರಲಿಲ್ಲ. ಥೂ, ನನ್ನ ಜನ್ಮಕ್ಕೆ!

"ಸತ್ತ ಮೇಲೆ ಅಮ್ಮ ಆ ಹೆಸರು ಹಿಡಿದು ಕರೆದ್ರೆ, ನನ್ನನ್ನೇ ಅಂತ ಗೊತ್ತಾಗಲ್ವಲ್ಲ?"
ಅಜ್ಜಿಗೆ ಇದ್ದದ್ದು ಅದೊಂದೇ ಭಯ.

ಅಜ್ಜಿ...
ನಿಮ್ಮ ಆ ಹೆಸರು ಹುಡುಕಲು ಎಷ್ಟು ಇಮೇಲು ಟೈಪು ಮಾಡಿದೆನೋ!
ಸ್ಕೂಲಿನ ಹಳೇ ಕಾಗದದಲ್ಲೆಲ್ಲ ಬರೀ ರೂತ್, ರೂತ್, ರೂತ್.
ಕೊನೆಗೆ ಹೋದ ತಿಂಗಳು ನಿಮ್ಮ ದೊಡ್ಡಮ್ಮನ ಮಗಳು ಸಿಕ್ಕರಲ್ಲ...
ಊರು ಬಿಡದೆ ಉಳಿದಿದ್ದ ಹಣ್ಣು ಮುದುಕಿ.
ಲಂಚ್ ಬ್ರೇಕಿನಲ್ಲಿ ವಿಡಿಯೋ ಕಾಲು.
ಅವರು ಒಂದೇ ಒಂದು ಸಲ ಆ ಹೆಸರು ಕೂಗಿದರು.
ನೀವು ತಟ್ಟನೆ ಓಗೊಟ್ಟಿರಿ!
ಇಂಗ್ಲಿಷಿನಲ್ಲಲ್ಲ... ಮರೆತೇಹೋಯಿತು ಎನ್ನುತ್ತಿದ್ದ ನಿಮ್ಮ ಮನೆಮಾತಿನಲ್ಲಿ.
ಆಮೇಲೆ ನಾವಿಬ್ಬರೂ ಅತ್ತಿದ್ದಕ್ಕೆ, ಪ್ಯಾಂಟು ತಗೊಳ್ಳಲು ಬಂದ ಕಸ್ಟಮರು ಹೆದರಿ ವಾಪಸ್ ಹೋದರು.

ಸ್ನೇಹಿತರೇ, ತಪ್ಪು ತಿಳಿಯಬೇಡಿ...
ಇವತ್ತು ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚು.
ಈ ಸಾವು ಎರಡು ತಿಂಗಳು ಮೊದಲು ಬಂದಿದ್ದರೆ?
ಆ ಹೆಸರು ತಿಳಿಯದೆಯೇ ಹೋಗಿಬಿಡುತ್ತಿದ್ದರಲ್ಲ!
ಮಗಳು ಕೊನೇ ಗಳಿಗೆಯಲ್ಲಿ ಆ ಹೆಸರಿನಿಂದಲೇ ಕರೆದಳಂತೆ. ಅಜ್ಜಿ ಕಣ್ಣು ಬಿಟ್ಟು ನೋಡಿದರಂತೆ.

ಹೆಸರೇನು ಎಂದು ಕಾಮೆಂಟಿನಲ್ಲಿ ಕೇಳಬೇಡಿ.
ಒಮ್ಮೆ ಕಿತ್ತುಕೊಂಡ ಹೆಸರು ಅದು... ಅವರ ಮನೆಯವರ ಬಾಯಲ್ಲಿ ಮಾತ್ರ ಇರಲಿ.

ಹೋಗಿ ಬನ್ನಿ, ಅಜ್ಜಿ.
ನಿಮ್ಮವರ ನಡುವೆ ನಿಮ್ಮ ಜೀವ ತಣ್ಣಗಿರಲಿ...