ಇಬ್ಬರು ದೊರೆಸಾನಿಯರ ಮೇಲೆ ಒಂದು ಕುಕ್ಕರ್

ಊಟದ ಮೇಜಿನ ಮೇಲಿದ್ದ ಉದ್ದನೆಯ ಕಾಗದವನ್ನು ಹೆಂಡತಿ ಮೇಜು ಕೆಡದಿರಲೆಂದೇ ಹಾಸಿದ್ದಾರೆಂದು ನಂಬಿ, ತ್ರಿವಿಕ್ರಮರಾಯರು ಬಿಸಿಬೇಳೆಬಾತಿನ ಕುಕ್ಕರನ್ನು ಅದರ ನಟ್ಟನಡುವೆ ಇಟ್ಟರು. ನಾರ್ತ್ ಕ್ರೀಕಿನ ಸಾಫ್ಟ್‌ವೇರ್ ಆಫೀಸಿನಲ್ಲಿ ಇಡೀ ಟೀಮಿಗೆ ಜಾಗರೂಕತೆಯ ಪಾಠ ಹೇಳುವ ಮನುಷ್ಯ! ಎತ್ತಿ ನೋಡಿದರೆ, ಹದಿನಾಲ್ಕನೇ ಶತಮಾನದ ಸ್ಕಾಟ್ಲೆಂಡಿನ ಮೇಲೆ ತುಪ್ಪ ಅರಿಶಿನದ ಗುಂಡನೆಯ ಕಲೆ.

"ಅದು ನಾಳೆ ಭಾಷಣದ ವಂಶಾವಳಿ ಚಾರ್ಟು ಕಣ್ರೀ," ಎಂದರು ಭಾನುಮತಿ.

"ಒರೆಸ್ತೀನಿ ಇರು."

"ಬೇಡ. ನೀವು ಒರೆಸಿದ್ರೆ ಹದಿನೈದನೇ ಶತಮಾನಕ್ಕೂ ಹತ್ತುತ್ತೆ."

ಭಾನುಮತಿಗೆ ಈ ಗೀಳು ಹಿಡಿದದ್ದು ಸಂಕೋಚದಿಂದ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟ ಹೊಸತರಲ್ಲಿ, ತಾವು ವಲಸೆ ಬಂದು ನೆಲೆಸಿದ್ದ ಕೆನ್ಮೋರಿನ ಲೈಬ್ರರಿಗೆ ಯೋಗದ ಕ್ಲಾಸೆಂದು ಹೋದವರು ತಪ್ಪು ಕೋಣೆ ಹೊಕ್ಕರು. ಅಲ್ಲಿ ಸ್ಕಾಟಿಷ್ ವಂಶಾವಳಿ ಕೂಟ ನಡೆದಿತ್ತು. ನಡುವೆ ಎದ್ದು ಬಂದರೆ ಚೆನ್ನಾಗಿರಲ್ಲ ಎಂದು ಕೂತವರು ಆರು ವರ್ಷ ಕೂತರು. ಮದುವೆಮನೆಯಲ್ಲಿ ಅಪರಿಚಿತರ ಪಕ್ಕ ಕೂತು, ಎಲೆ ಎತ್ತುವುದರೊಳಗೆ ನೆಂಟಸ್ತಿಕೆ ಹುಡುಕಿ ತೆಗೆಯುವ ಹೆಂಗಸಿಗೆ ಅರ್ಲ್ ಎಂಬ ಸ್ಕಾಟಿಷ್ ದೊರೆಗಳ ಹೆಣ್ಣುಮಕ್ಕಳು ಯಾವ ಲೆಕ್ಕ? ಆದರೆ ಕೂಟದವರಿಗೆ ಅವರು ಅಜ್ಜಿಯ ಕಡೆಯಿಂದಲೂ ಸ್ಕಾಟಿಷ್ ಅಲ್ಲದ ಏಕೈಕ ಸದಸ್ಯೆ. ಹಾಗಾಗಿ ಟೀ ಮಾಡುವ ಕೆಲಸ ಅವರದ್ದಾಯಿತು. ಮಾತಾಡಲು ಅವಕಾಶ ಸಿಕ್ಕಿದ್ದು ಇದೇ ಮೊದಲು. ನಾಳೆ ಕೆಟ್ಟರೆ ಮತ್ತೆ ಟೀಯೇ.

ರಾಯರು ತಲೆ ತಗ್ಗಿಸಿ ಬಾತು ಬಡಿಸಿದರು. ಭಾನುಮತಿ ತಟ್ಟೆ ಮುಟ್ಟಲಿಲ್ಲ. ಕಲೆಯನ್ನೇ ನೋಡುತ್ತಿದ್ದರು. ಅದರೊಳಗೆ ಬೇರೆ ಬೇರೆ ಕವಲಿನ ಇಬ್ಬರು ದೊರೆಸಾನಿಯರು ಸಿಕ್ಕಿಕೊಂಡಿದ್ದರು. ಮಲೆಸೀಮೆಯ ದೊರೆಯ ಹೆಂಡತಿಯ ಹೆಸರೇ ಆಫ್ರಿಕಾ, ಬಯಲುಸೀಮೆಯ ದೊರೆಯ ಹೆಂಡತಿಯದು ಯೂಫೀಮಿಯಾ.

"ರೀ, ಇಬ್ಬರಿಗೂ ಅಪ್ಪ ಬಳುವಳಿ ಅಂತ ಕೊಟ್ಟಿದ್ದು ಒಂದೇ ಹಳ್ಳಿ. ಒಂದೇ ಹಳ್ಳೀನ ಇಬ್ಬರು ಮಕ್ಕಳಿಗೆ ಯಾವ ಅಪ್ಪ ಕೊಡ್ತಾನೆ?"

"ಮರೆವಿನ ಅಪ್ಪ ಇರಬಹುದು."

"ನಾನು ತವರಲ್ಲಿ ಯಾರು?"

"ಗೌರಾದೇವಿ."

"ನಿಮ್ಮನೆಗೆ ಬಂದ ಮೇಲೆ?"

ರಾಯರಿಗೆ ಮೈಸೂರಿನ ಛತ್ರ ನೆನಪಾಯಿತು. ತಟ್ಟೆಯ ಅಕ್ಕಿಯಲ್ಲಿ ಉಂಗುರ ಹಿಡಿದು ಅವರೇ 'ಭಾನುಮತಿ' ಎಂದು ಬರೆದಿದ್ದರು. ಅಮ್ಮ ಹೇಳಿಕೊಟ್ಟ ಹೆಸರು.

"ನಮ್ಮಪ್ಪನ ವಂಶವೃಕ್ಷದಲ್ಲಿ ಗೌರಾದೇವಿ, ನಿಮ್ಮಪ್ಪನದ್ರಲ್ಲಿ ಭಾನುಮತಿ. ಮುಂದೆ ಯಾರಾದ್ರೂ ನೋಡಿದ್ರೆ ಇಬ್ಬರು ಹೆಂಗಸರು ಅಂತಾರೆ. ಇವಳದ್ದೂ ಅದೇ ಕತೆ. ಮೊದಲನೇ ಗಂಡ ಸತ್ತ, ಇನ್ನೊಬ್ಬನ್ನ ಕಟ್ಕೊಂಡಳು. ಆ ಮನೆಯವರು ಆಫ್ರಿಕಾನ ಲ್ಯಾಟಿನ್‌ನಲ್ಲಿ ಯೂಫೀಮಿಯಾ ಅಂತ ಬರ್ಕೊಂಡ್ರು."

ಭಾನುಮತಿ ತಾರೀಖುಗಳನ್ನು ತಾಳೆ ನೋಡಿದರು. ಕೂಡಿಬಂದವು. ಆಮೇಲೆ ಬಾತು ಎರಡು ಸಲ ಬಡಿಸಿಕೊಂಡರು.

ರಾಯರಿಗೆ ಮಾತ್ರ ಊಟ ಸೇರಲಿಲ್ಲ. ಕೂಟದ ಅಧ್ಯಕ್ಷ ಆರ್ಚಿಬಾಲ್ಡ್ ಎಂಬ ಎಂಬತ್ತರ ಮುದುಕರು ತಮ್ಮ ವಂಶದಲ್ಲಿ ಇಬ್ಬರು ದೊರೆಸಾನಿಯರಿದ್ದರೆಂದು ನಲವತ್ತು ವರ್ಷದಿಂದ ಹೇಳಿಕೊಂಡು ಬಂದವರು. ಆ ಇಬ್ಬರು ಇವರೇ.

ಮರುದಿನ ಭಾನುಮತಿ ರೇಷ್ಮೆ ಸೀರೆಯಲ್ಲಿ, ಜಿಡ್ಡಿನ ಚಾರ್ಟಿನ ಮುಂದೆ ನಿಂತು ಎಲ್ಲವನ್ನೂ ಹೇಳಿದರು, ಅಕ್ಕಿ ತಟ್ಟೆಯ ಸಮೇತ. ಹಿಂದಿನ ಸಾಲಿನಲ್ಲಿ ರಾಯರು ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದಿದ್ದರು.

ಆರ್ಚಿಬಾಲ್ಡ್ ಕೋಲೂರಿ ಎದ್ದರು. "ಹಾಗಾದರೆ ನನಗೊಬ್ಬಳು ಅಜ್ಜಿ ಕಮ್ಮಿಯಾದಳು."

"ಕಮ್ಮಿ ಆಗಿಲ್ಲ ಸರ್. ಒಬ್ಬಳೇ ಎರಡು ಕಡೆಯಿಂದ ಬಂದಿದ್ದಾಳೆ. ನಮ್ಮಲ್ಲಿ ಅಂಥವರಿಗೆ ಮರ್ಯಾದೆ ಜಾಸ್ತಿ."

ಮುದುಕರು ಚಾರ್ಟಿನ ಹತ್ತಿರ ಹೋಗಿ, ಕನ್ನಡಕ ಮೇಲೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬಳುವಳಿಯ ಹಳ್ಳಿಯ ಮೇಲೆ ಬೆರಳಿಟ್ಟರು. ತಾರೀಖು ಓದಿದರು. ಇನ್ನೊಂದು ತಾರೀಖು ಓದಿದರು. ರಾಯರು ಅರ್ಧ ಎದ್ದಿದ್ದರು.

"ಮುಂದಿನ ತಿಂಗಳೂ ಇವರೇ ಮಾತಾಡಲಿ," ಎಂದರು ಆರ್ಚಿಬಾಲ್ಡ್. "ಟೀ ನಾನು ಮಾಡ್ತೀನಿ." ಸಭೆ ಚಪ್ಪಾಳೆ ತಟ್ಟಿತು. ಕೆಲವರು ಆ ಟೀಯ ಬಗ್ಗೆ ಯೋಚಿಸಿ ನಿಧಾನವಾಗಿ ತಟ್ಟಿದರು.

ಹಿಂತಿರುಗುವ ಮುನ್ನ ಮುದುಕರು ಹಳದಿ ಕಲೆಯ ಸುತ್ತ ಗೌರವದಿಂದ ಬೆರಳಾಡಿಸಿದರು. "ಈ ಇಬ್ಬರನ್ನೂ ಸೇರಿಸಿ ಮೊದಲು ವೃತ್ತ ಹಾಕಿದ ವಿದ್ವಾಂಸರು ಯಾರು?"

ಭಾನುಮತಿ ಹಿಂದಿನ ಸಾಲಿನತ್ತ ಕೈ ತೋರಿಸಿದರು.

"ನಮ್ಮ ಯಜಮಾನರು. ಹಸಿವಾಗಿತ್ತು ಅವರಿಗೆ."